ಎಸ್950ಗೆ ಮೆಮೊರಿ: ಹಳೇ ಬೋರ್ಡ್ ಹುಡುಕೋದಾ, ಕ್ಲೋನ್ ತರಿಸೋದಾ, ಇಲ್ಲ ನಾವೇ ಕೂತು ಮಾಡೋದಾ

ಅಕಾಯ್ ಎಸ್950 ಸ್ಯಾಂಪ್ಲರ್, ಅಂದ್ರೆ ಸೌಂಡ್ ರೆಕಾರ್ಡ್ ಮಾಡ್ಕೊಂಡು ಬೇಕಾದ ಸ್ವರದಲ್ಲಿ ನುಡಿಸೋ ಡಬ್ಬ, ಮನೇಲಿ ಇಟ್ಕೊಂಡು, ನಾಲ್ಕು ಡ್ರಮ್ ಸೌಂಡು, ಒಂದು ಬೇಸು, ಒಂದು ಲೂಪು ಹಾಕೋಷ್ಟರಲ್ಲಿ ಜಾಗ ಖಾಲಿ ಆಗಿ ತಲೆ ಕೆರ್ಕೊಂಡು ಕೂತಿರೋರಿಗೆ ಅಂತ ಇದನ್ನ ಬರೀತಿದೀನಿ. ಬೇರೆ ಹಳೇ ಸ್ಯಾಂಪ್ಲರ್ ಇರೋರಿಗೂ ಅರ್ಧಕ್ಕರ್ಧ ಉಪಯೋಗಕ್ಕೆ ಬರುತ್ತೆ, ಯಾಕಂದ್ರೆ ಕಥೆ ಎಲ್ಲಾ ಕಡೆ ಒಂದೇ: ಕಂಪನಿ ಆ ಕಾಲದಲ್ಲಿ ತನ್ನದೇ ಆಕಾರದ ಒಂದು ಮೆಮೊರಿ ಬೋರ್ಡ್ ಮಾಡಿ ಮಾರ್ತು, ಆಮೇಲೆ ನಿಲ್ಸಿಬಿಡ್ತು, ಈಗ ಆ ಬೋರ್ಡು ಎಲ್ಲಾದ್ರೂ ಸಿಕ್ಕಿದ್ರೆ ಮೂಗಿಗಿಂತ ಮೂಗುತಿ ಭಾರ ಅನ್ನೋ ಥರ ರೇಟು.

ಸ್ವಲ್ಪ ಹಿನ್ನೆಲೆ, ಗೊತ್ತಿರೋರು ಮುಂದಕ್ಕೆ ಹೋಗ್ಬಹುದು. ಎಸ್900 ಬಂದಿದ್ದು 1986ರಲ್ಲಿ, ಎಸ್950 ಬಂದಿದ್ದು 1988ರಲ್ಲಿ. ಇವುಗಳ ಹಿಂದೆ ಇದ್ದ ತಲೆ ಡೇವಿಡ್ ಕಾಕರೆಲ್ ಅವರದ್ದು, ಅದಕ್ಕೂ ಮುಂಚೆ ಇಎಂಎಸ್ ಅನ್ನೋ ಕಂಪನಿಯ ವಿಸಿಎಸ್3 ಸಿಂಥ್ ಡಿಸೈನ್ ಮಾಡಿದ್ದೂ ಅವರೇ. 12 ಬಿಟ್ ಸ್ಯಾಂಪ್ಲಿಂಗ್, 8 ವಾಯ್ಸ್ (ಅಂದ್ರೆ ಒಟ್ಟಿಗೆ 8 ಸೌಂಡು), ಪ್ರತಿ ವಾಯ್ಸ್‌ಗೂ ಎಂಎಫ್6 ಅನ್ನೋ ಸ್ವಿಚ್ಡ್ ಕೆಪಾಸಿಟರ್ ಫಿಲ್ಟರ್ ಚಿಪ್ಪು. ಆ 12 ಬಿಟ್ಟು ಈ ಫಿಲ್ಟರ್ರು ಸೇರಿದಾಗ ಬರೋ ದಪ್ಪ, ಒರಟು ಸೌಂಡಿಗೇ ಜನ ಇವತ್ತಿಗೂ ಈ ಡಬ್ಬ ಹೊತ್ಕೊಂಡು ಓಡಾಡೋದು. ಹಿಪ್‌ಹಾಪ್ ಪ್ರೊಡ್ಯೂಸರ್ ಡಿಜೆ ಪ್ರೀಮಿಯರ್ ಅಕಾಯ್‌ದೇ ಡ್ರಮ್ ಸ್ಯಾಂಪ್ಲರ್ ಎಂಪಿಸಿ60 ಪಕ್ಕದಲ್ಲಿ ಇದನ್ನೇ ಇಟ್ಕೊಂಡಿದ್ದು, ಫ್ಯಾಟ್‌ಬಾಯ್ ಸ್ಲಿಮ್ ಅಟಾರಿ ಕಂಪ್ಯೂಟರ್ ಜೊತೆ ಇದನ್ನೇ ಓಡಿಸಿದ್ದು, ಇಂಗ್ಲೆಂಡಲ್ಲಿ ಜಂಗಲ್ ಅನ್ನೋ ಡ್ಯಾನ್ಸ್ ಮ್ಯೂಸಿಕ್ ಮಾಡೋ ಹುಡುಗ್ರು ಡ್ರಮ್ ಬ್ರೇಕ್‌ಗಳನ್ನ ಎಳೆದು ಎಳೆದು ಲೋಹದ ಥರ ಕಿರುಗುಟ್ಟಿಸ್ತಿದ್ದ ಟೈಮ್‌ಸ್ಟ್ರೆಚ್ ಇದರಲ್ಲೂ ಇದೆ.

ಕಂಪನಿಯಿಂದ ಬಂದಾಗ ಇದರಲ್ಲಿ ಇದ್ದ ಮೆಮೊರಿ 750 ಕೆಬಿ. ಹೌದು, ಕೆಬಿ. ಇಎಕ್ಸ್‌ಎಂ006 ಅನ್ನೋ ಬೋರ್ಡ್ ಒಂದು ಹಾಕಿದ್ರೆ ಇನ್ನೊಂದು 750 ಕೆಬಿ ಸೇರಿ 1.5 ಎಂಬಿ, ಎರಡು ಹಾಕಿದ್ರೆ 2.25 ಎಂಬಿ, ಅಲ್ಲಿಗೆ ಮುಗೀತು. ಎಸ್900 ಇರೋರು ಈ ಬೋರ್ಡ್ ಆಸೆ ಬಿಟ್ಬಿಡಿ, ಇದು ನಿಮಗಲ್ಲ.

ಏನು ತಗೋಬೇಕು ಅಂತ ಕೇಳೋಕೆ ಮುಂಚೆ ಎಷ್ಟು ಬೇಕು ಅಂತ ಕೇಳ್ಕೊಳ್ಳಿ

ಇಲ್ಲಿ ಎಲ್ರೂ ಎಡವೋದು. ಒಂದು ಸ್ಯಾಂಪಲ್‌ಗೆ 12 ಬಿಟ್, ಅಂದ್ರೆ ಒಂದೂವರೆ ಬೈಟ್. 750 ಕೆಬಿ ಅಂತ ಅವರು ಬರ್ಕೊಂಡಿರೋದು ಲೆಕ್ಕಕ್ಕೆ 512ಕೆ ಸ್ಯಾಂಪಲ್ ಹಿಡಿಯೋ ಜಾಗ, ಅದರಲ್ಲಿ ಸ್ವಲ್ಪ ಮೆಷಿನ್ನೇ ತನ್ನ ಕೆಲಸಕ್ಕೆ ಇಟ್ಕೊಳುತ್ತೆ. ಫುಲ್ 48 ಕಿಲೋಹರ್ಟ್ಜ್‌ನಲ್ಲಿ ರೆಕಾರ್ಡ್ ಮಾಡಿದ್ರೆ ಹೆಚ್ಚುಕಮ್ಮಿ 10 ಸೆಕೆಂಡು. ಒಂದು ಬೋರ್ಡ್ ಹಾಕಿದ್ರೆ 20, ಎರಡಾದ್ರೆ 30ರ ಆಸುಪಾಸು.

ಆದ್ರೆ ಈ ಮೆಷಿನ್ನಲ್ಲಿ ನೀವು ಸ್ಯಾಂಪಲ್ ರೇಟ್ ಸೆಟ್ ಮಾಡಲ್ಲ, ಬ್ಯಾಂಡ್‌ವಿಡ್ತ್ ಸೆಟ್ ಮಾಡ್ತೀರ, 3 ರಿಂದ 19.2 ಕಿಲೋಹರ್ಟ್ಜ್ ತನಕ, ರೇಟು ಅದರ ಎರಡೂವರೆ ಪಟ್ಟು. ಬೇಸ್ ಸೌಂಡಿಗೆ 19.2 ಯಾಕ್ರೀ ಬೇಕು? ಕಿಕ್ಕಿಗೆ, ಬೇಸಿಗೆ 6 ಸಾಕು, ರೇಟು 15 ಕಿಲೋಹರ್ಟ್ಜ್‌ಗೆ ಇಳಿಯುತ್ತೆ, ಅದೇ 10 ಸೆಕೆಂಡಿನ ಜಾಗದಲ್ಲಿ 30 ಸೆಕೆಂಡಿಗಿಂತ ಜಾಸ್ತಿ ಹಿಡಿಯುತ್ತೆ. ಜೊತೆಗೆ ಹಳೇ ಹಿಪ್‌ಹಾಪ್ ಟ್ರಿಕ್ಕು ಒಂದಿದೆಯಲ್ಲ, 33 ಸ್ಪೀಡಿನ ಎಲ್‌ಪಿನ 45ರಲ್ಲಿ ಓಡಿಸಿ ಸ್ಯಾಂಪಲ್ ಮಾಡೋದು, ಆಮೇಲೆ ಐದು ಸೆಮಿಟೋನ್ ಚಿಲ್ಲರೆ ಕೆಳಗಿಳಿಸಿ ನುಡಿಸೋದು. 1.35 ಪಟ್ಟು ಸ್ಪೀಡು, ಅಂದ್ರೆ ಸುಮಾರು ಕಾಲುಭಾಗ ಮೆಮೊರಿ ಉಳಿತಾಯ, ಮೇಲಿಂದ ಆ ಕೆಳಗಿಳಿಸಿದಾಗ ಬರೋ ಗರಗರ ಸೌಂಡು ಫ್ರೀ. ಸುಮಾರು ಜನಕ್ಕೆ ಆ ಗರಗರಾನೇ ಬೇಕಾಗಿರೋದು, ಮೆಮೊರಿ ಜಾಸ್ತಿ ಇದ್ದಿದ್ರೆ ಅದು ಬರ್ತಾನೇ ಇರ್ಲಿಲ್ಲ.

ಹಂಗಾಗಿ ಬರೀ ಡ್ರಮ್ಮು, ಸಣ್ಣ ಚಾಪ್‌ಗಳು (ಹಾಡಿಂದ ಕತ್ತರಿಸಿದ ತುಂಡು) ಮಾಡೋರಾದ್ರೆ ನನ್ನ ಪ್ರಾಮಾಣಿಕ ಅಭಿಪ್ರಾಯ, ಏನೂ ಹಾಕ್ಬೇಡಿ. ಎರಡು ಬಾರ್, ನಾಲ್ಕು ಬಾರ್ ಲೂಪ್‌ಗಳನ್ನ ಒಂದರ ಮೇಲೊಂದು ಪೇರಿಸೋರಿಗೆ, ಆಮೇಲೆ ಪಿಯಾನೋ ಸ್ಟ್ರಿಂಗ್ಸು ಥರ ಮಲ್ಟಿಸ್ಯಾಂಪಲ್ (ಒಂದೇ ವಾದ್ಯದ ಬೇರೆ ಬೇರೆ ಸ್ವರದ ರೆಕಾರ್ಡಿಂಗ್) ಮಾಡೋರಿಗೆ ಮಾತ್ರ ಬೋರ್ಡ್ ಬೇಕೇ ಬೇಕು.

ಇನ್ನೊಂದು ಲೆಕ್ಕ ಇದೆ, ಇದನ್ನ ಯಾರೂ ಹೇಳಲ್ಲ. ಎಸ್950 ಹೈ ಡೆನ್ಸಿಟಿ ಫ್ಲಾಪಿಗೆ ಬರೆಯೋದು 1,638,400 ಬೈಟ್, 80 ಟ್ರ್ಯಾಕು, ಎರಡು ಸೈಡು, ಟ್ರ್ಯಾಕಿಗೆ 1024 ಬೈಟಿನ 10 ಸೆಕ್ಟರು. ಒಂದು ಬೋರ್ಡ್ ಹಾಕಿದ ಮೆಷಿನ್ನಿನ ಮೆಮೊರಿ ಪೂರ್ತಿ ತುಂಬಿದ್ರೂ 1,572,864 ಬೈಟು, ಒಂದೇ ಫ್ಲಾಪಿಲಿ ಕೂರುತ್ತೆ! ಎರಡು ಬೋರ್ಡ್ ಹಾಕಿದ್ರೆ 2,359,296, ಒಂದ್ರಲ್ಲಿ ಕೂರಲ್ಲ, ಪ್ರತಿ ಹಾಡಿಗೂ ಎರಡೆರಡು ಡಿಸ್ಕ್ ಲೋಡ್ ಮಾಡ್ಕೊಂಡು ಕೂರ್ಬೇಕು. ಗೋಟೆಕ್ ಡ್ರೈವ್ (ಫ್ಲಾಪಿ ಡ್ರೈವ್ ಜಾಗದಲ್ಲಿ ಕೂತು ಯುಎಸ್‌ಬಿ ಸ್ಟಿಕ್ಕಿಂದ ಫ್ಲಾಪಿ ಇಮೇಜ್ ಓದೋದು) ಹಾಕಿ ಫ್ಲ್ಯಾಶ್‌ಫ್ಲಾಪಿ ಫರ್ಮ್‌ವೇರ್ ಹಾಕಿದ್ರೂ, ಅದೇ ಥರದ ಎಚ್‌ಎಕ್ಸ್‌ಸಿ ಹಾಕಿದ್ರೂ ಇಮೇಜ್ ಸೈಜು ಅದೇ, ಬಟನ್ ಒತ್ತಿ ಬದಲಾಯಿಸ್ಬಹುದು ಅನ್ನೋದಷ್ಟೇ ಸುಖ. ಅದಕ್ಕೇ ನಾನು ಕೇಳಿದವರಿಗೆಲ್ಲಾ ಹೇಳೋದು, ಮೊದಲನೇ ಬೋರ್ಡು ಹಣ್ಣು, ಎರಡನೇದು ಸಿಪ್ಪೆ. ಎರಡನೇ ಬೋರ್ಡಿನ ದುಡ್ಡಲ್ಲಿ ಮೊದ್ಲು ಗೋಟೆಕ್ ಹಾಕ್ಸಿ.

ಹಳೇ ಒರಿಜಿನಲ್ ಬೋರ್ಡು

ಸಿಕ್ಕಿದ್ರೆ ಇದು ಅತ್ಯಂತ ನೆಮ್ಮದಿಯ ದಾರಿ, ಹಾಕಿದ್ರೆ ಓಡುತ್ತೆ, ತಲೆನೋವಿಲ್ಲ. ಸಿಗೋದೇ ಕಷ್ಟ. ಜಪಾನಿನ ಸೆಕೆಂಡ್‌ಹ್ಯಾಂಡ್ ಸೈಟ್‌ಗಳಲ್ಲಿ ಆಗಾಗ ಬರುತ್ತೆ, ಯುರೋಪಲ್ಲಿ ಬರುತ್ತೆ, ನಮ್ಮಲ್ಲಿ ಅಂತೂ ನಾನು ಒಂದು ಸಲಾನೂ ಕಂಡಿಲ್ಲ. ತಮಾಷೆ ಅಂದ್ರೆ ಬರೀ ಬೋರ್ಡಿಗೆ ಹೇಳೋ ರೇಟಿಗೆ ಇನ್ನೊಂಚೂರು ಸೇರಿಸಿದ್ರೆ ಬೋರ್ಡ್ ಒಳಗಿರೋ ಪೂರ್ತಿ ಎಸ್950ನೇ ಸಿಕ್ಕಿಬಿಡುತ್ತೆ, ಮಾರೋರಿಗೆ ಒಳಗೇನಿದೆ ಅಂತಾನೇ ಗೊತ್ತಿರಲ್ಲ. ಲಿಸ್ಟಿಂಗ್ ಫೋಟೋದಲ್ಲಿ ಮೆಷಿನ್ ಆನ್ ಆಗಿರೋದಿದ್ರೆ ಮೆಮೊರಿ ತೋರಿಸೋ ಪೇಜಿನ ಫೋಟೋ ಕಳ್ಸಿ ಅಂತ ಕೇಳಿ, ಎಷ್ಟೋ ಸಲ ಬಂಪರ್ ಹೊಡಿಯುತ್ತೆ.

ಎರಡು ಎಚ್ಚರಿಕೆ. ಒಂದು, "ಅಕಾಯ್ ಮೆಮೊರಿ" ಅಂತ ಬರೀ ಅಷ್ಟೇ ಹಾಕಿದ್ರೆ ನಂಬರ್ ನೋಡಿ. ಇಎಕ್ಸ್‌ಎಂ005, ಇಎಕ್ಸ್‌ಎಂ008 ಅಂದ್ರೆ ಅದು ಎಸ್1000ದು, ನಿಮ್ಮ ಮೆಷಿನ್ನಿಗೆ ಆಗಲ್ಲ. ಎರಡು, ಜಪಾನಿಂದ ಪೂರ್ತಿ ಮೆಷಿನ್ನೇ ತರಿಸಿದ್ರೆ ಅದು 100 ವೋಲ್ಟಿಂದು, ನಮ್ಮ 230ಕ್ಕೆ ಸೀದಾ ಚುಚ್ಚಿದ್ರೆ ಮೆಮೊರಿ ಬಿಡಿ ಮೆಷಿನ್ನೇ ಇರಲ್ಲ, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕಡ್ಡಾಯ. ಕೊರಿಯರ್ರು, ಕಸ್ಟಮ್ಸು ಲೆಕ್ಕಕ್ಕೆ ತಗೊಂಡೇ ಬಿಡ್ ಮಾಡಿ.

ರೆಡಿಮೇಡ್ ಕ್ಲೋನ್

ಒರಿಜಿನಲ್ ಬೋರ್ಡ್ ಇದ್ದ ಯಾರೋ ಪುಣ್ಯಾತ್ಮರು ಅದನ್ನ ಅಳೆದು ಬರೆದು ಹೊಸದಾಗಿ ಮಾಡಿ ಮಾರ್ತಿರೋದು. ಇಂಥವು ಆಗಾಗ ಸಣ್ಣ ಬ್ಯಾಚಲ್ಲಿ ಬರ್ತವೆ, ಮುಗಿದ್ರೆ ಮತ್ತೆ ಯಾವಾಗ ಅಂತ ದೇವ್ರಿಗೇ ಗೊತ್ತು. ಹತ್ತರಲ್ಲಿ ಎಂಟು ಜನಕ್ಕೆ ನಾನು ಹೇಳೋದು ಇದನ್ನೇ. ಕೊಳ್ಳೋ ಮುಂಚೆ ಮೂರು ಪ್ರಶ್ನೆ ಕೇಳಿ ಸಾಕು: ಒಳಗಿರೋದು ಹಳೇ ಡಿರಾಮ್ ಚಿಪ್ಪಾ (ಆಗಾಗ ರಿಫ್ರೆಶ್ ಮಾಡ್ಬೇಕಾದ ಮೆಮೊರಿ) ಅಥವಾ ಹೊಸ ಎಸ್‌ರಾಮಾ (ರಿಫ್ರೆಶ್ ಬೇಡದ್ದು), ನನ್ನ ಮೆಷಿನ್ನಲ್ಲಿ ಈಗಾಗ್ಲೇ ಒಂದು ಒರಿಜಿನಲ್ ಬೋರ್ಡ್ ಇದ್ರೆ ಅದರ ಪಕ್ಕ ಇದು ಓಡುತ್ತಾ, ಓಡ್ಲಿಲ್ಲ ಅಂದ್ರೆ ವಾಪಸ್ ತಗೋತೀರಾ. ಮೂರಕ್ಕೂ ಸರಿಯಾಗಿ ಉತ್ತರ ಕೊಡೋರ ಹತ್ರ ಕಣ್ಮುಚ್ಕೊಂಡು ತಗೊಳ್ಳಿ. ಹಳೇ ಡಿರಾಮ್ ಅಂದ ತಕ್ಷಣ ಕೆಟ್ಟದ್ದು ಅಂತಲ್ಲ, ಆದ್ರೆ ಮಾರ್ಕೆಟ್ಟಲ್ಲಿ ಹಳೇ ಚಿಪ್ಪಿನ ಮೈ ಉಜ್ಜಿ ಹೊಸ ನಂಬರ್ ಬರೆದು ಮಾರೋ ದಂಧೆ ಇದ್ದೇ ಇದೆ, ಒಂದೊಂದೂ ಟೆಸ್ಟ್ ಮಾಡಿದೀರಾ ಅಂತ ಕೇಳೋದ್ರಲ್ಲಿ ತಪ್ಪೇನಿಲ್ಲ.

ನಾವೇ ಮಾಡೋದು, ಅಂದ್ರೆ ಇರಲಾರದೆ ಇರುವೆ ಬಿಟ್ಕೊಳೋದು

ಈಗ ಬಂತು ನನಗಿಷ್ಟದ ಭಾಗ. ಒಂದು ಮಾತು ನೇರವಾಗಿ ಹೇಳ್ತೀನಿ, ದುಡ್ಡು ಉಳಿಸೋಕೆ ಅಂತ ಈ ದಾರಿ ಹಿಡೀಬೇಡಿ, ಉಳಿಯಲ್ಲ. ಸ್ಕೋಪು (ಸಿಗ್ನಲ್ ನೋಡೋ ಆಸಿಲೋಸ್ಕೋಪ್), ಚಿಪ್ಪು, ಮೂರು ಸಲ ಮಾಡಿಸಿದ ಪಿಸಿಬಿ (ಸರ್ಕ್ಯೂಟ್ ಬೋರ್ಡ್), ರಾತ್ರಿಗಳು, ಎಲ್ಲಾ ಸೇರಿಸಿದ್ರೆ ಎರಡು ಕ್ಲೋನ್ ಬರ್ತಿತ್ತು. ಒಳಗೇನು ನಡೀತಿದೆ ಅಂತ ನೋಡೋ ಚಟ ಇದ್ರೆ ಮಾತ್ರ ಬನ್ನಿ. ಇನ್ನೊಂದು, ಒರಿಜಿನಲ್ ಬೋರ್ಡ್ ಒಂದು ವಾರದ ಮಟ್ಟಿಗಾದ್ರೂ ಕೈಗೆ ಸಿಗೋ ಹಾಗಿದ್ರೆ ಕೆಲಸ ಒಂದು, ಸಿಗದೆ ಬರೀ ಮೆಷಿನ್ನಿನ ಖಾಲಿ ಕನೆಕ್ಟರ್ ನೋಡ್ಕೊಂಡು ಮಾಡೋದು ಇನ್ನೊಂದು. ಮೊದಲನೇದು ನಕಲು ಬರೆಯೋದು, ಎರಡನೇದು ಪ್ರಶ್ನೆಪತ್ರಿಕೆ ನೋಡದೆ ಉತ್ತರ ಬರೆಯೋದು.

ಬೋರ್ಡ್ ಸಿಕ್ತು ಅಂತಿಟ್ಕೊಳ್ಳಿ. ಮೊದ್ಲು ಎರಡೂ ಕಡೆ ಫ್ಲ್ಯಾಟ್‌ಬೆಡ್ ಸ್ಕ್ಯಾನರಲ್ಲಿ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಹಿಂದಿನ ಸೈಡನ್ನ ಕನ್ನಡಿ ಥರ ತಿರುಗಿಸಿ ಒಂದರ ಮೇಲೊಂದು ಇಟ್ಟು ಗೆರೆ ಎಳೀರಿ. ಆಮೇಲೆ ಮಲ್ಟಿಮೀಟರ್ ಬೀಪ್ ಮೋಡಲ್ಲಿ ಕನೆಕ್ಟರಿನ ಪ್ರತಿ ಪಿನ್ನಿಂದ ಎಲ್ಲೆಲ್ಲಿಗೆ ಹೋಗುತ್ತೆ ಅಂತ ಒಂದು ಶೀಟಲ್ಲಿ ಬರ್ಕೊಳ್ಳಿ. ಬೇಜಾರಿನ ಕೆಲಸ, ಆದ್ರೆ ಈ ಶೀಟ್ ಸರಿ ಇದ್ರೆ ಮುಕ್ಕಾಲು ಪಾಲು ಮುಗಿದಂಗೆ.

ಚಿಪ್ಪಿನ ಲೆಕ್ಕ ಹಿಂಗಿದೆ. 512ಕೆ ಸ್ಯಾಂಪಲ್, ಒಂದೊಂದಕ್ಕೆ 12 ಬಿಟ್. 256ಕೆ×1 ಚಿಪ್ಪಲ್ಲಿ (41256) ಮಾಡಿದ್ರೆ 24 ಚಿಪ್ಪು, 256ಕೆ×4 ಚಿಪ್ಪಲ್ಲಿ (44256) ಮಾಡಿದ್ರೆ ಬರೀ ಆರು, ಮೂರು ಮೂರರ ಎರಡು ಬ್ಯಾಂಕು. ಡಿರಾಮ್‌ಗೆ ಅಡ್ರೆಸ್ ಎರಡು ಕಂತಲ್ಲಿ ಹೋಗುತ್ತೆ, ಮೊದ್ಲು ರೋ, ರಾಸ್ ಸಿಗ್ನಲ್ ಕೆಳಗೆ ಬಿದ್ದಾಗ, ಆಮೇಲೆ ಕಾಲಮ್, ಕಾಸ್ ಬಿದ್ದಾಗ, ಅದಕ್ಕೇ 18 ಬಿಟ್ ಅಡ್ರೆಸ್‌ಗೆ 9 ಪಿನ್ ಸಾಕು. ಹಾಗಾಗಿ ನಿಮ್ಮ ಶೀಟಲ್ಲಿ ನೋಡಿ: ಕನೆಕ್ಟರಿಂದ ಚಿಪ್ಪುಗಳಿಗೆ 9 ಅಡ್ರೆಸ್ ಲೈನ್ ಸೀದಾ ಬಂದಿದ್ರೆ ರೋ ಕಾಲಮ್ ಹಂಚೋ ಕೆಲಸ ಮೇನ್‌ಬೋರ್ಡೇ ಮಾಡ್ತಿದೆ, ನಿಮ್ಮ ಪಾಲಿಗೆ ಹಬ್ಬ. ಅದರ ಡಬ್ಬಲ್ ಲೈನ್ ಬಂದು ಮಧ್ಯ 74 ಸೀರೀಸ್ ಲಾಜಿಕ್ ಚಿಪ್ಪುಗಳ ಮೂಲಕ ಹಾಯ್ದು ಹೋಗ್ತಿದ್ರೆ ಆ ಕೆಲಸ ಎಕ್ಸ್‌ಪ್ಯಾನ್ಷನ್ ಬೋರ್ಡ್ ಮೇಲೆ ನಡೀತಿದೆ, ಅದನ್ನೂ ನೀವೇ ಮಾಡ್ಬೇಕು.

ಯಾವುದೇ ಹಳೇ ಬೋರ್ಡಲ್ಲಿ ಪಾಲ್ ಚಿಪ್ (ಒಳಗೆ ಲಾಜಿಕ್ ಬರೆದಿಟ್ಟಿರೋ ಚಿಪ್ಪು) ಒಂದು ಕಂಡ್ರೆ ಹೆದರ್ಬೇಡಿ. ಸೆಕ್ಯುರಿಟಿ ಫ್ಯೂಸ್ ಹೊಡೆದಿದ್ರೆ ಪ್ರೋಗ್ರಾಮರಲ್ಲಿ ಓದೋಕಾಗಲ್ಲ ನಿಜ, ಆದ್ರೆ ಒಳಗೆ ಫ್ಲಿಪ್‌ಫ್ಲಾಪ್ ಇಲ್ದಿದ್ರೆ ಎಲ್ಲಾ ಇನ್‌ಪುಟ್ ಕಾಂಬಿನೇಷನ್ ಕೊಟ್ಟು ಔಟ್‌ಪುಟ್ ಬರ್ಕೊಂಡ್ರಾಯ್ತು, 10 ಇನ್‌ಪುಟ್ ಅಂದ್ರೆ 1024 ಸಾಲು, ಒಂದು ಆರ್ಡ್ವಿನೋ ಕಣ್ಮುಚ್ಚಿ ಬಿಡೋಷ್ಟರಲ್ಲಿ ಮಾಡುತ್ತೆ. ಆ ಪಟ್ಟಿಯಿಂದ ಸಮೀಕರಣ ತೆಗೆದು ಅದೇ ಕೆಲಸ ಮಾಡೋ ಜಿಎಎಲ್16ವಿ8 ಚಿಪ್ಪಿಗೆ ಬರೆದ್ರೆ ಆಯ್ತು.

ಈಗ ಒಂದು ಸಿಹಿ ಸುದ್ದಿ. ಇದು ರಾಮ್, ರಾಮ್ ಅಲ್ಲಿ ಡೇಟಾ ಲೈನ್‌ಗಳ ಕ್ರಮ ಅದಲುಬದಲಾದ್ರೂ ಏನೂ ಆಗಲ್ಲ! ಐದನೇ ಬಿಟ್ಟನ್ನ ಏಳನೇ ಜಾಗದಲ್ಲಿ ಇಟ್ರೆ ವಾಪಸ್ ತೆಗೆಯೋವಾಗ್ಲೂ ಏಳನೇ ಜಾಗದಿಂದಾನೇ ತಾನೇ ತೆಗೆಯೋದು. ಅಡ್ರೆಸ್ ಲೈನೂ ಬಹುಪಾಲು ಹಂಗೇ. ಹಂಗಾಗಿ ಕೀಕ್ಯಾಡ್ ಸಾಫ್ಟ್‌ವೇರಲ್ಲಿ ಪಿಸಿಬಿ ಎಳೆಯೋವಾಗ ಗೆರೆಗಳು ಒಂದಕ್ಕೊಂದು ಅಡ್ಡ ಬಂದ್ರೆ ಪಿನ್ ಬದಲಾಯಿಸ್ಕೊಂಡು ಸಲೀಸಾಗಿ ಎಳೀಬಹುದು. ಇದೇ ಕೆಲಸ ರೋಲ್ಯಾಂಡ್ ಸಿಂಥ್‌ಗಳಿಗೆ ಹೊಸ ಸೌಂಡ್ ಸೇರಿಸೋ ಎಸ್‌ಆರ್-ಜೆವಿ80 ಬೋರ್ಡಲ್ಲಿ ಮಾಡಿದ್ರೆ ಮುಗೀತು ಕಥೆ, ಅದು 8 ಎಂಬಿ ರಾಮ್, ಛೇ, ರೋಮ್, ಅಲ್ಲಿ ಡೇಟಾ ಮೊದ್ಲೇ ಬರೆದಿರುತ್ತೆ, ಅದೂ ಲೈನ್‌ಗಳನ್ನ ಬೇಕಂತಲೇ ಕಲಸಿ ಬರೆದಿರ್ತಾರೆ, ಆ ಕಲಸಿದ್ದನ್ನ ಬಿಡಿಸೋದೇ ಅಲ್ಲಿಯ ರಿವರ್ಸ್ ಇಂಜಿನಿಯರಿಂಗ್. ಮೇಲಿಂದ ಅದರೊಳಗಿನ ಸೌಂಡುಗಳು ಇನ್ನೊಬ್ಬರ ಸ್ವತ್ತು, ಖಾಲಿ ಮೆಮೊರಿ ಬೋರ್ಡಿಗೆ ಆ ತಗಾದೆ ಇಲ್ಲ. ಆದ್ರೂ ನಿಮ್ಮ ಬೋರ್ಡ್ ಮೇಲೆ ಕಂಪನಿ ಲೋಗೋ ಮಾತ್ರ ಹಾಕ್ಬೇಡಿ ಮಾರಾಯ್ರೆ.

ಇನ್ನು ಕಹಿ. ನಾನು ಬಿದ್ದ ಗುಂಡಿ ಹೇಳ್ತೀನಿ, ನೀವು ಬೀಳ್ಬೇಡಿ. 74 ಸೀರೀಸ್ ಚಿಪ್ಪುಗಳಲ್ಲಿ ಕೊನೇ ಪಿನ್ನು ಪ್ಲಸ್, ಅರ್ಧಕ್ಕಿರೋ ಪಿನ್ನು ಗ್ರೌಂಡು ಅಂತ ಕೈಗೆ ರೂಢಿ ಆಗ್ಬಿಟ್ಟಿರುತ್ತೆ. ಹಳೇ ಡಿರಾಮ್‌ನಲ್ಲಿ ಅದು ತಿರುಗಾಮುರುಗಾ! 41256ರಲ್ಲಿ 8ನೇ ಪಿನ್ನು 5 ವೋಲ್ಟು, 16 ಗ್ರೌಂಡು, 44256ರಲ್ಲಿ 10 ಪ್ಲಸ್ಸು, 20 ಗ್ರೌಂಡು. ನನ್ನ ಮೊದಲನೇ ಪಿಸಿಬಿಲಿ ರೂಢಿ ಪ್ರಕಾರ ಎಳೆದಿದ್ದೆ, ಡೇಟಾಶೀಟ್ ತೆರೆದೇ ಇತ್ತು ಸ್ಕ್ರೀನಲ್ಲಿ, ಓದಿರ್ಲಿಲ್ಲ ಅಷ್ಟೇ. ಪುಣ್ಯಕ್ಕೆ ಮೆಷಿನ್ನಿಗೆ ಹಾಕೋ ಮುಂಚೆ ಬೆಂಚ್ ಸಪ್ಲೈಲಿ ಕರೆಂಟ್ ಲಿಮಿಟ್ ಇಟ್ಟು ನೋಡಿದೆ, ಆರು ಚಿಪ್ಪು ಬಿಸಿ ಕಾವಲಿ ಆಗಿ ಹೋದ್ವು, ಮೆಷಿನ್ ಉಳೀತು.

ಎರಡನೇ ಗುಂಡಿ ರಿಫ್ರೆಶ್. ಡಿರಾಮ್ ಅಂದ್ರೆ ತೂತು ಬಿಂದಿಗೆ, ಕೆಲವು ಮಿಲಿಸೆಕೆಂಡಿಗೊಂದ್ಸಲ ತುಂಬ್ತಾನೇ ಇರ್ಬೇಕು. 41256ಕ್ಕೆ 4 ಮಿಲಿಸೆಕೆಂಡಲ್ಲಿ 256 ರೋ ಮುಟ್ಟಿದ್ರೆ ಸಾಕು, ಒಂಬತ್ತನೇ ಅಡ್ರೆಸ್ ಲೈನ್ ಲೆಕ್ಕಕ್ಕಿಲ್ಲ. 44256ಕ್ಕೆ 8 ಮಿಲಿಸೆಕೆಂಡಲ್ಲಿ 512 ರೋ, ಒಂಬತ್ತೂ ಲೈನ್ ಬೇಕು. ಮೆಷಿನ್ ಬರೀ ಎಂಟು ಬಿಟ್ಟಿನ ರಿಫ್ರೆಶ್ ಅಡ್ರೆಸ್ ಕೊಡ್ತಿದ್ರೆ 24 ಚಿಪ್ಪಿನ ಬದ್ಲು 6 ಚಿಪ್ ಹಾಕಿದ ನಿಮ್ಮ ಚಂದದ ಬೋರ್ಡಲ್ಲಿ ಅರ್ಧ ಮೆಮೊರಿ ಮೆಲ್ಲಗೆ ಮರೆತು ಹೋಗುತ್ತೆ. ಲೋಡ್ ಮಾಡಿದ ತಕ್ಷಣ ಎಲ್ಲಾ ಸರಿ, ಕಾಫಿ ಕುಡ್ಕೊಂಡು ಬಂದ್ರೆ ಸ್ಯಾಂಪಲ್ ತುಂಬಾ ಚರಪರ. ಇದನ್ನ ನೋಡೋಕೆ ಸ್ಕೋಪಲ್ಲಿ ರಾಸ್, ಕಾಸ್ ಎರಡೂ ಇಟ್ಟು ಮೆಷಿನ್ ಸುಮ್ನಿರೋವಾಗ ಯಾವ ಕ್ರಮದಲ್ಲಿ ಬರ್ತಿದೆ ನೋಡಿ. ಕಾಸ್ ಮೊದ್ಲು ಬಿದ್ದು ಆಮೇಲೆ ರಾಸ್ ಬಿದ್ರೆ ಚಿಪ್ಪೇ ತನ್ನ ಲೆಕ್ಕ ತಾನೇ ಇಟ್ಕೊಳುತ್ತೆ, ಅಡ್ರೆಸ್ ಚಿಂತೆ ಇಲ್ಲ. ಬರೀ ರಾಸ್ ಬರ್ತಿದ್ರೆ ಅಡ್ರೆಸ್ ಲೈನ್ ಒಂದೊಂದೇ ಎಣಿಸ್ಬೇಕು. ಆನ್‌ಲೈನಲ್ಲಿ ಅಗ್ಗಕ್ಕೆ ಸಿಗೋ 24 ಮೆಗಾಹರ್ಟ್ಜ್ ಲಾಜಿಕ್ ಅನಲೈಜರಲ್ಲಿ ಎರಡು ಸ್ಯಾಂಪಲ್ ಮಧ್ಯ ಸುಮಾರು 42 ನ್ಯಾನೋಸೆಕೆಂಡ್ ಅಂತರ ಇರುತ್ತೆ, ಕ್ರಮ ಒಂದು ಮಟ್ಟಿಗೆ ಗೊತ್ತಾಗುತ್ತೆ, ಟೈಮಿಂಗ್ ಅಳೆಯೋಕೆ ನಂಬ್ಬೇಡಿ.

ಚಿಪ್ ಎಲ್ಲಿ ಸಿಗುತ್ತೆ? ಬೆಂಗಳೂರಲ್ಲಿರೋರು ಎಸ್.ಪಿ. ರೋಡಲ್ಲಿ ಹೊಸ ಚಿಪ್ಪು ಅಂತ ಕೇಳೋದಕ್ಕಿಂತ ಹಳೇ ಕಂಪ್ಯೂಟರ್ ಬೋರ್ಡ್ ಕೇಳಿ. 30 ಪಿನ್ನಿನ 256 ಕೆಬಿ ಸಿಮ್ (ಹಳೇ ಕಂಪ್ಯೂಟರಿನ ಮೆಮೊರಿ ಪಟ್ಟಿ, ಫೋನಿನ ಸಿಮ್ ಅಲ್ಲ) ಮೂರು ಚಿಪ್ಪಿಂದಾದ್ರೆ ಅದರಲ್ಲಿ ಎರಡು 256ಕೆ×4, ಒಂದು 256ಕೆ×1. ಹಳೇ ಐಎಸ್‌ಎ ವಿಜಿಎ ಕಾರ್ಡಲ್ಲಿ ಇವೇ ಚಿಪ್ಪು ಸಾಕೆಟ್ಟಲ್ಲಿ ಕೂತಿರ್ತವೆ, ಬಿಸಿ ಮಾಡೋದೂ ಬೇಡ, ಕಿತ್ಕೊಂಡ್ರಾಯ್ತು. ಗುಜರಿಯೋರಿಗೆ ಅದು ಕೆಜಿ ಲೆಕ್ಕ, ಮ್ಯೂಸಿಕ್ ಕೀಬೋರ್ಡಿಗೆ ಅಂತ ಬಾಯಿ ಬಿಡ್ಬೇಡಿ ಅಷ್ಟೇ.

ಡಿರಾಮ್ ಸಹವಾಸಾನೇ ಬೇಡ ಅಂದ್ರೆ ಎಸ್‌ರಾಮ್ ದಾರಿ ಇದೆ. ಎಎಸ್6ಸಿ4008 ಅನ್ನೋದು ಇವತ್ತಿನ ಚಿಪ್ಪು, 512ಕೆ×8, 5 ವೋಲ್ಟಲ್ಲೇ ಓಡುತ್ತೆ, 55 ನ್ಯಾನೋಸೆಕೆಂಡು. ಎರಡು ಹಾಕಿದ್ರೆ 16 ಬಿಟ್ಟು, ನಾಲ್ಕು ಬಿಟ್ ವೇಸ್ಟು, ಹೋಗ್ಲಿ ಬಿಡಿ. ರಿಫ್ರೆಶ್ ಬೇಡ, ಕರೆಂಟು ಕಮ್ಮಿ, 35 ವರ್ಷದ ಪವರ್ ಸಪ್ಲೈಗೆ ಅದೂ ಒಂದು ಉಪಕಾರವೇ. ಬೆಲೆ ಏನಂದ್ರೆ, ಕಂತಲ್ಲಿ ಬರೋ ಅಡ್ರೆಸ್ಸನ್ನ ಹಿಡಿದಿಟ್ಟು ಒಟ್ಟು ಮಾಡಿ ಕೊಡೋಕೆ ಲ್ಯಾಚು ಬೇಕು, ಎರಡು ಮೂರು 74 ಚಿಪ್ಪಲ್ಲೋ ಒಂದು ಎಟಿಎಫ್1504 ಥರದ 5 ವೋಲ್ಟ್ ಸಿಪಿಎಲ್‌ಡಿಲೋ (ಬೇಕಾದ ಲಾಜಿಕ್ ಬರೆಯೋ ಚಿಪ್ಪು) ಮಾಡ್ಕೋಬೇಕು. ನಾನು ಇವತ್ತು ಹೊಸದಾಗಿ ಶುರು ಮಾಡೋದಾದ್ರೆ ಇದನ್ನೇ ಮಾಡೋದು. 3.3 ವೋಲ್ಟಿನ ಮೆಮೊರಿ ಅಗ್ಗ ಅಂತ ತಂದು ಸೀದಾ ಮೆಷಿನ್ನಿನ 5 ವೋಲ್ಟ್ ಲೈನ್‌ಗಳಿಗೆ ಬೆಸುಗೆ ಹಾಕ್ಬೇಡಿ, ಒಂದೇ ಸಂಜೆ ಬಾಳೋದು ಅದು. ಒಂದೇ ದೊಡ್ಡ 1ಎಂ×16 ಡಿರಾಮ್ ಹಾಕ್ತೀನಿ ಅನ್ನೋರು ಇಡಿಒ ಥರದ್ದು ಬಿಟ್ಟು ಅದಕ್ಕಿಂತ ಹಳೇ ಎಫ್‌ಪಿಎಂ ಥರದ್ದು ಹುಡುಕಿ, ಇಡಿಒ ಚಿಪ್ಪು ಕಾಸ್ ಮೇಲೆದ್ದ ಮೇಲೂ ಡೇಟಾ ಕೊಡ್ತಾನೇ ಇರುತ್ತೆ, ಹಳೇ ಮೆಷಿನ್ ಅದನ್ನ ನಿರೀಕ್ಷೆ ಮಾಡಿರಲ್ಲ, ಇಬ್ರೂ ಒಟ್ಟಿಗೆ ಮಾತಾಡಿ ಗಲಾಟೆ.

ಕನೆಕ್ಟರ್ ಬಗ್ಗೆ ಒಂದು ಸಾಲು. ಹಳೇ ಜಪಾನಿ ಸಾಮಾನುಗಳಲ್ಲಿ ಪಿನ್ ಅಂತರ 2.54 ಮಿಮೀ ಅಲ್ಲದೆ 2.5 ಇರೋದೂ ಉಂಟು. ನಾಲ್ಕು ಪಿನ್ನಿಗೆ ಗೊತ್ತಾಗಲ್ಲ, 20 ಪಿನ್ ಸಾಲಿಗೆ ಮುಕ್ಕಾಲು ಮಿಲಿಮೀಟರ್ ವ್ಯತ್ಯಾಸ ಬಂದು ಕೂರೋದೇ ಇಲ್ಲ. ವರ್ನಿಯರ್ ಹಿಡಿದು ಮೊದಲ ಪಿನ್ನಿಂದ ಕೊನೇ ಪಿನ್ನಿಗೆ ಅಳೀರಿ, ಆಮೇಲೇ ಪಿಸಿಬಿ ಆರ್ಡರ್ ಮಾಡಿ.

ಮೆಷಿನ್ನೇ ಬದಲಾಯಿಸೋದು

ಇದೂ ಒಂದು ಆಯ್ಕೆ, ಬೈಬೇಡಿ. ಸಿಮ್ ಹಾಕೋ ಸ್ಯಾಂಪ್ಲರ್ ತಗೊಂಡ್ರೆ ಈ ರಾಮಾಯಣ ಯಾವುದೂ ಇಲ್ಲ. ಅಕಾಯ್ ಎಸ್2000, ಎಂಪಿಸಿ2000ಎಕ್ಸ್‌ಎಲ್, ಈ-ಮ್ಯೂ ಇಎಸ್‌ಐ-32 ಮೂರೂ 72 ಪಿನ್ ಸಿಮ್ ತಗೊಂಡು 32 ಎಂಬಿ ತನಕ ಹೋಗ್ತವೆ. ಎನ್ಸೋನಿಕ್ ಎಎಸ್‌ಆರ್-10 30 ಪಿನ್ ಸಿಮ್ಮಲ್ಲಿ 16 ಎಂಬಿ. ಆದ್ರೆ ಎಸ್1000ಕ್ಕೆ ಹಾರೋಣ ಅಂದ್ಕೊಂಡಿದ್ರೆ ನೆನಪಿರ್ಲಿ, ಅದಕ್ಕೂ ಸ್ವಂತ ಬೋರ್ಡೇ ಬೇಕು, ಬಾಣಲೆಯಿಂದ ಬೆಂಕಿಗೆ. ಮತ್ತೆ ಇವೆಲ್ಲಾ 16 ಬಿಟ್ ಮೆಷಿನ್‌ಗಳು, ಕ್ಲೀನು. 950ರ ಆ ಮಣ್ಣಿನ ವಾಸನೆ ಇರಲ್ಲ. ಮೆಮೊರಿ ಬೇಕಾ, ವಾಸನೆ ಬೇಕಾ ಅಂತ ನೀವೇ ನಿರ್ಧಾರ ಮಾಡಿ. ಎರಡೂ ಇಟ್ಕೊಂಡು ಉದ್ದದ ಸೌಂಡ್ ಅದರಲ್ಲಿ, ಡ್ರಮ್ ಇದರಲ್ಲಿ ಅಂತ ಹಂಚ್ಕೊಂಡೋರೂ ಇದಾರೆ, ಜಾಗ ಇರೋ ಮನೆ ಅವರದು.

ಬೇರೆ ಮೆಷಿನ್ ಇರೋರಿಗೆ ಒಂದೆರಡು ಮಾತು. ಎಂಪಿಸಿ60 ಇದ್ರೆ 13 ಸೆಕೆಂಡಿಂದ 26ಕ್ಕೆ ಹೋಗೋ ಎಕ್ಸ್‌ಪ್ಯಾನ್ಷನ್ ಖಂಡಿತ ಮಾಡ್ಕೊಳ್ಳಿ, ಅಲ್ಲಿ ಸೀಕ್ವೆನ್ಸರೂ ಅದೇ ಡಬ್ಬದಲ್ಲಿ ಇರೋದ್ರಿಂದ ಸುಖ ಜಾಸ್ತಿ. ಈ-ಮ್ಯೂ ಎಸ್‌ಪಿ-12 ಡ್ರಮ್ ಮೆಷಿನ್, ಟರ್ಬೋ ಅಲ್ದೇ ಇರೋದು ಸಿಕ್ಕಿದ್ರೆ ಅದರಲ್ಲಿ 1.2 ಸೆಕೆಂಡು ಅಷ್ಟೇ, ಟರ್ಬೋ ಆದ್ರೆ 5. ಅಲ್ಲಿ ಅಪ್‌ಗ್ರೇಡ್ ಬೇಕಾ ಬೇಡ್ವಾ ಅನ್ನೋ ಪ್ರಶ್ನೆನೇ ಇಲ್ಲ.

ಯಾರಿಗೆ ಯಾವುದು ಅಂತ ಮೆಸೇಜ್ ಮಾಡಿ ಕೇಳೋರಿಗೆ ನನ್ನ ಉತ್ತರ ಹೆಚ್ಚುಕಮ್ಮಿ ಹಿಂಗಿರುತ್ತೆ: ಹಾಡು ಮಾಡೋದು ಮುಖ್ಯ ಅಂದ್ರೆ ಒಂದು ಕ್ಲೋನು, ಒಂದು ಗೋಟೆಕ್ಕು, ಮುಗೀತು. ಮೆಷಿನ್ನ ಮುಂದೆ ಒಳ್ಳೇ ರೇಟಿಗೆ ಮಾರೋ ಆಲೋಚನೆ ಇದ್ರೆ ಕಾದು ಒರಿಜಿನಲ್ ತಗೊಳ್ಳಿ. ಗೆಳೆಯರ ಹತ್ರ ಬೋರ್ಡ್ ಇದೆ, ಬೆಸುಗೆ ಕೈ ಕೂತಿದೆ, ಸ್ಕೋಪಿದೆ ಅಂದ್ರೆ ಮಾತ್ರ ನೀವೇ ಮಾಡಿ, ಮಾಡಿದ್ಮೇಲೆ ಡ್ರಾಯಿಂಗ್‌ನ ನಾಲ್ಕು ಜನಕ್ಕೆ ಹಂಚಿ. ಬೋರ್ಡ್ ಕೈಗೆ ಸಿಗಲ್ಲ, ಆದ್ರೂ ಖಾಲಿ ಕನೆಕ್ಟರಿಂದ ಮಾಡೇ ಮಾಡ್ತೀನಿ ಅನ್ನೋರಿಗೆ ಬುದ್ಧಿ ಹೇಳೋಷ್ಟು ದೊಡ್ಡವನಲ್ಲ ನಾನು, ಕಾಫಿ ಕುಡಿಸ್ತೀನಿ ಬನ್ನಿ. ಯಾವ ದಾರಿ ಆದ್ರೂ ಮೆಮೊರಿಗೆ ಕೈ ಹಾಕೋ ಮುಂಚೆ ಪವರ್ ಸಪ್ಲೈ ಕೆಪಾಸಿಟರ್ ನೋಡ್ಸಿ, 5 ವೋಲ್ಟ್ ಲೈನ್ 4.75ಕ್ಕಿಂತ ಕೆಳಗಿದ್ರೆ ಚಿನ್ನದ ಬೋರ್ಡ್ ಹಾಕಿದ್ರೂ ಎಡವಟ್ಟು ಮಾಡುತ್ತೆ.

ಕೊನೆಗೆ ಟೆಸ್ಟು, ಕ್ಲೋನಾದ್ರೂ ಸರಿ ಸ್ವಂತದ್ದಾದ್ರೂ ಸರಿ. ಬೋರ್ಡ್ ಹಾಕಿ, ಮೆಮೊರಿ ಪೂರ್ತಿ ತುಂಬೋಷ್ಟು ಉದ್ದಕ್ಕೆ ಒಂದು ಸೈನ್ ಟೋನ್ ಸ್ಯಾಂಪಲ್ ಮಾಡಿ, ಹೆಡ್‌ಫೋನಲ್ಲಿ ಮೊದಲಿಂದ ಕೊನೇ ತನಕ ಕೇಳಿ. ಹಾಡು ಹಾಕಿ ಟೆಸ್ಟ್ ಮಾಡ್ಬೇಡಿ, ಹಾಡಲ್ಲಿ ತಪ್ಪು ಮುಚ್ಚಿ ಹೋಗುತ್ತೆ. ಮೇಲಿನ ಬಿಟ್ ಸತ್ತಿದ್ರೆ ಪಟಾಕಿ ಥರ ಕೇಳುತ್ತೆ, ಕೆಳಗಿನ ಬಿಟ್ ಸತ್ತಿದ್ರೆ ಸಣ್ಣ ಶ್‌ಶ್ ಅಷ್ಟೇ. ಅಡ್ರೆಸ್ ಲೈನ್ ಬೆಸುಗೆ ಬಿಟ್ಟಿದ್ರೆ ಸೈನ್ ಟೋನಲ್ಲಿ ಸರಿಯಾಗಿ ತಿಳಿಯಲ್ಲ, ಅದಕ್ಕೆ ಒಂದು ಎರಡು ಮೂರು ಅಂತ ಬಾಯಲ್ಲಿ ಎಣಿಸಿ ಇನ್ನೊಂದು ಸ್ಯಾಂಪಲ್ ಮಾಡಿ, ಎಣಿಕೆ ಮೇಲೆ ಎಣಿಕೆ ಬಿದ್ದು ಕಲಸಿ ಕೇಳಿದ್ರೆ ಲೈನ್ ಹೋಗಿದೆ ಅಂತ ಅರ್ಥ. ಎರಡೂ ಸರಿ ಇದ್ರೆ ಮೆಷಿನ್ ಆನ್ ಇಟ್ಟೇ ಅರ್ಧ ಗಂಟೆ ಬಿಟ್ಟು ಮತ್ತೆ ಕೇಳಿ. ನನ್ನ ಮೂರನೇ ಬೋರ್ಡು ಈ ಅರ್ಧ ಗಂಟೆ ದಾಟಿದಾಗ ರಾತ್ರಿ ಎರಡೂವರೆ ಆಗಿತ್ತು, ಇಪ್ಪತ್ತು ಸೆಕೆಂಡು ನನ್ನದೇ ದನಿಲಿ ಒಂದರಿಂದ ಹದಿನೆಂಟರ ತನಕ ಎಣಿಕೆ, ಒಂದು ಚೂರೂ ತೊದಲಿಲ್ಲದೆ.